ಬುತ್ತಿ ಚೀಲದಲ್ಲಿ ಮೂರು ಫ್ಯೂಸು

ಅವರು ಬರುತ್ತಿರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಹೆಗಲಿನ ಖಾಕಿ ಚೀಲದೊಳಗೆ ಸ್ಟೀಲಿನ ಬುತ್ತಿ ಡಬ್ಬಿ, ಅದಕ್ಕೆ ತಾಗಿಕೊಂಡು ಪಿಂಗಾಣಿಯ ಮೂರು ಫ್ಯೂಸು. ಹೆಜ್ಜೆಗೊಮ್ಮೆ ಠಣ್ ಎನ್ನುತ್ತಿದ್ದವು. ಎಡ ಹುಬ್ಬಿನ ಅರ್ಧದಲ್ಲಿ ಕೂದಲೇ ಇರಲಿಲ್ಲ. ಹೇಗೆ ಹೋಯಿತೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಒಬ್ಬನ ಮಾತು ನಂಬಿದ್ದೆ."

ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮ ಊರಿಗೆ ಅವರು ಲೈನ್‌ಮನ್. ಹೊಲದ ಕಂಬ ಹತ್ತುವ ಮೊದಲು ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಿಂದ ಮೂರೂ ಫ್ಯೂಸು ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿಯುವವರೆಗೆ ಅವು ಅವರ ಜೊತೆಗೇ. ಊಟಕ್ಕೆ ಕೂತರೂ ಸರಿ, ಚಹಾಕ್ಕೆ ಹೋದರೂ ಸರಿ. ಅಷ್ಟು ಹೊತ್ತು ಸುತ್ತಿನ ಯಾವ ಪಂಪ್‌ಸೆಟ್ಟೂ ತಿರುಗುವಂತಿಲ್ಲ. ಬೇರೆ ಊರಿನ ಲೈನ್‌ಮನ್ನರು ಫ್ಯೂಸು ಕಿತ್ತು ಅಲ್ಲೇ ಪೆಟ್ಟಿಗೆಯ ಮೇಲಿಟ್ಟು ಹೋಗುತ್ತಾರೆ. ಇವರೊಬ್ಬರಿಗೇ ಏಕೆ ಈ ಬಿಂಕ? ಜನ ಬಂದು ಕೈಮುಗಿದು ಕೇಳಲಿ ಎಂಬ ಚಟವೇ ಇದು ಎಂದು ನಾನು ತೀರ್ಮಾನಿಸಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಉದ್ದೇಶವನ್ನೇ ಮೊದಲು ಹಿಡಿ ಎಂದು ಕಲಿತವಳು ನಾನು. ಹಾಗೆ ಹಿಡಿದೇ ಗೆದ್ದಿದ್ದೆ ಕೂಡ.

ಅವರೂ ಯಾರನ್ನೂ ನಂಬುತ್ತಿರಲಿಲ್ಲ, ಅದು ಬೇರೆ ಮಾತು. ಕರೆಂಟಿನ ಸಬ್‌ಸ್ಟೇಷನ್ನಿನಿಂದ ಲೈನ್ ಬಂದ್ ಮಾಡಿದ್ದೇವೆಂದು ಫೋನ್ ಬಂದರೆ, "ನೀ ಯಾರು? ನಿಮ್ಮಪ್ಪನ ಹೆಸರು ಹೇಳು" ಎನ್ನುತ್ತಿದ್ದರು. ಮದುವೆಯ ಚಪ್ಪರಕ್ಕೆ ಬಂದರೆ ಅಕ್ಕಿಕಾಳಿಗೆ ಮೊದಲು ಜೇಬಿನ ಟೆಸ್ಟರ್ ಹೊರಬರುತ್ತಿತ್ತು. ಕಬ್ಬಿಣದ ಕಂಬಗಳನ್ನೆಲ್ಲ ಮುಟ್ಟಿಸಿ ನೋಡಿದ ಮೇಲೆಯೇ ಕುರ್ಚಿ. ಯಾರಾದರೂ "ಕರೆಂಟ್ ಇಲ್ಲಂತ್ರಿ" ಎಂದರೆ, "ಹೇಳಿದ್ದು ಬಿಡು, ಯಾರು ನೋಡ್ಯಾರ?"

ಒಂದು ಭಾನುವಾರ ನಮ್ಮ ಓಣಿಗೆ ಬಂದು, ತಗಡಿನ ಮನೆಗಳಿಂದ ಕಂಬಕ್ಕೆ ಎಳೆದು ಕಟ್ಟಿದ್ದ ಬಟ್ಟೆ ಒಣಹಾಕುವ ತಂತಿಗಳನ್ನು ತೋರಿಸಿದರು.

"ಇವನ್ನ ಬಿಚ್ರೆವ್ವಾ, ಹಗ್ಗ ಕಟ್ರಿ. ಮ್ಯಾಲಿನ ವೈರು ತಗಡಿಗೆ ಉಜ್ಜಿ ಸುಲಿದಿರ್ತೈತಿ. ಹಸಿ ಸೀರಿ ಹಾಕಾಕ ಹೋಗಿ ಹಿಡ್ಕೊಂತಂದ್ರ ಬಿಡಿಸೋರ್ ಯಾರು?"

"ನಮ್ಮತ್ತಿ ಕಾಲದ ತಂತಿ ಐತ್ರಿ ಇದು. ಯಾರಿಗೂ ಏನೂ ಆಗಿಲ್ಲ" ಎಂದಳು ಅವ್ವ.

"ಆಗಿಲ್ಲಂತ ಹೇಳಾಕ ನೀವಿನ್ನೂ ಅದೀರಲ್ಲ, ಅದಕ್ಕ ಈಗ ಬಂದೀನಿ."

ಇವರ ಭಾವನದು ಹಗ್ಗದ ಅಂಗಡಿ ಇರಬೇಕು ಎಂದು ನಾನು ಎಲ್ಲರಿಗೂ ಕೇಳುವಂತೆ ಅಂದೆ. ಅವರು ತಿರುಗಿ ನೋಡಿದರು. "ವಕೀಲವ್ವಾ, ನನಗ ಭಾವ ಅನ್ನೋನ ಇಲ್ಲ. ಹೋಗಿ ವಿಚಾರಿಸು. ನನ್ ಮಾತು ನಂಬಬ್ಯಾಡ."

ವಿಚಾರಿಸಿದೆ. ನಿಜಕ್ಕೂ ಇರಲಿಲ್ಲ.

ಆ ವರ್ಷ ನಮ್ಮ ಹೊಲದಲ್ಲಿ ಈರುಳ್ಳಿ. ತ್ರೀಫೇಸ್ ಕರೆಂಟು ಇರುವ ಹೊತ್ತಿನಲ್ಲೇ ಸರದಿಯಂತೆ ನೀರು ಹಾಯಿಸಬೇಕು. ನಮ್ಮ ಸರದಿಯ ಮಧ್ಯಾಹ್ನವೇ ಪೆಟ್ಟಿಗೆಯಲ್ಲಿ ಫ್ಯೂಸು ಇಲ್ಲ. ಅಪ್ಪ ಪಂಪಿನ ಮನೆಯ ಮುಂದೆ ನಿಂತು ಬೈಯತೊಡಗಿದ. ನನ್ನ ಹತ್ತಿರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕವಿತ್ತು.

"ಅಪ್ಪಾ, ನಾಕು ಸಲನೂ ನಮ್ಮ ಪಾಳೇದ ದಿನನ ತಗದಾರ. ಅಲ್ಲಿ ನೋಡು, ಬೈಕು ಚಾದಂಗಡಿ ಮುಂದ ನಿಂತೈತಿ. ಕಂಬ ಹತ್ತಿದ್ರ ಬೈಕು ಅಲ್ಲ್ಯಾಕ ಇರ್ತಿತ್ತು? ಚಾ ಕುಡಕೋಂತ ಕುಂತಾರ, ನಾವು ಹೋಗಿ ಬೇಡಬೇಕು."

"ಅದೂ ಖರೇನ" ಎಂದ ಅಪ್ಪ. ತಾಮ್ರದ ತಂತಿಯ ತುಂಡುಗಳನ್ನು ಒಣ ಕೋಲಿಗೆ ಸುತ್ತಿ, ಫ್ಯೂಸಿನ ಜಾಗಕ್ಕೆ ಸಿಕ್ಕಿಸಲು ಪೆಟ್ಟಿಗೆಯ ಕಡೆ ನಡೆದ. ನಾನು ತಡೆಯಲಿಲ್ಲ. ವಾದ ಗೆದ್ದವರು ತಡೆಯುವುದಿಲ್ಲ.

ಪಟಾಕಿಯಂಥ ಸದ್ದು, ನೀಲಿ ಬೆಳಕು. ಅಪ್ಪ ಹಿಂದಕ್ಕೆ ಬಿದ್ದಿದ್ದ. ಬಲ ಅಂಗೈ ಸುಟ್ಟಿತ್ತು.

ಮೆಕ್ಕೆಜೋಳದ ಹೊಲ ಸೀಳಿಕೊಂಡು ಲೈನ್‌ಮನ್ ಓಡಿ ಬಂದರು, ನಡುವಿಗೆ ಕಂಬ ಹತ್ತುವ ಪಟ್ಟಿ ಕಟ್ಟಿಕೊಂಡಂತೆಯೇ. ಅಪ್ಪನನ್ನು ಪೆಟ್ಟಿಗೆಯಿಂದ ದೂರ ಎಳೆದು, ಡ್ರಮ್ಮಿನ ನೀರನ್ನು ಕೊಡಗಟ್ಟಲೆ ಕೈಮೇಲೆ ಸುರಿಯುತ್ತಲೇ ಇದ್ದರು. ಪಕ್ಕದ ಹೊಲದವರು ಟೂತ್‌ಪೇಸ್ಟ್ ಹಿಡಿದು ಬಂದರೆ, "ಅದನ್ನ ಹಲ್ಲಿಗೆ ಹಚ್ರಿ, ಇಲ್ಲಿ ನೀರು ತರ್ರಿ" ಎಂದು ಗದರಿಸಿದರು. ನೋವು ಸ್ವಲ್ಪ ಇಳಿದ ಮೇಲೆ ಮೆಲ್ಲಗೆ ಕೇಳಿದರು, "ಈ ಬುದ್ಧಿ ಯಾರದು?"

"ನಂದ" ಎಂದ ಅಪ್ಪ.

ಅವರು ನನ್ನ ಕಡೆ ನೋಡಿದರು.

"ವಕೀಲವ್ವಾ, ನನ್ ಮ್ಯಾಲೆ ಅನುಮಾನ ಪಟ್ಟಿ, ಪಡಬೇಕು. ಬೈಕು ನೋಡಿದಿ. ಈ ಜ್ವಾಳ ದಾಟಿ ಬಂದು ಕಂಬ ನೋಡಿದ್ಯೇನು?"

ಅವರು ಹತ್ತಿದ್ದ ಕಂಬ ಎರಡು ಹೊಲದಾಚೆ, ಅಲ್ಲಿಗೆ ಬೈಕು ಹೋಗುವ ದಾರಿಯೇ ಇರಲಿಲ್ಲ. ಅದನ್ನು ಚಹಾದಂಗಡಿಯ ಮುಂದೆ ಬಿಟ್ಟು ನಡೆದು ಹೋಗಿದ್ದರು. ಅಪ್ಪ ತಂತಿ ಮುಟ್ಟಿಸಿದಾಗ ಅವರ ಎರಡೂ ಕೈ ಲೈನಿನ ಮೇಲಿದ್ದವು. ಆದರೆ ಫ್ಯೂಸು ತಮ್ಮ ಚೀಲದಲ್ಲಿದ್ದರೂ ಅವರು ಅಷ್ಟಕ್ಕೇ ನಂಬಿರಲಿಲ್ಲ. ತಂತಿಗಳನ್ನೆಲ್ಲ ಒಂದು ಸರಪಳಿಯಿಂದ ಬಿಗಿದು ನೆಲಕ್ಕೆ ಇಳಿಬಿಟ್ಟಿದ್ದರು, ಕರೆಂಟು ಬಂದರೂ ಮಣ್ಣಿಗೆ ಹೋಗಲಿ ಎಂದು. ಅಪ್ಪ ಹರಿಸಿದ ಕರೆಂಟು ಹಾಗೆ ಒಮ್ಮೆಲೇ ಮಣ್ಣಿಗೆ ನುಗ್ಗಿದ್ದಕ್ಕೇ ಪೆಟ್ಟಿಗೆಯಲ್ಲಿ ಸಿಡಿದದ್ದು. ಆ ಸರಪಳಿ ಇಲ್ಲದಿದ್ದರೆ ಅಪ್ಪನ ಕೈ ಸುಡುತ್ತಿರಲಿಲ್ಲ. ಪಂಪು ತಿರುಗುತ್ತಿತ್ತು. ನಮ್ಮ ಈರುಳ್ಳಿಗೆ ನೀರು ಹರಿಯುತ್ತಿತ್ತು, ಅವರು ಮಾತ್ರ ಕಂಬದಿಂದ ಇಳಿಯುತ್ತಿರಲಿಲ್ಲ.

ಅಪ್ಪನನ್ನು ಅದೇ ಬೈಕಿನಲ್ಲಿ ತಾಲೂಕು ಆಸ್ಪತ್ರೆಗೆ ಕರೆದೊಯ್ದರು. ಆಫೀಸಿಗೆ ದೂರು ಬರೆದುಕೊಡಲಿಲ್ಲ. ಏಕೆ ಕೊಡಲಿಲ್ಲ ಎಂಬುದರ ಮೇಲೆ ನನಗೆ ಇವತ್ತಿಗೂ ಅನುಮಾನವಿದೆ. ಒಳ್ಳೆಯತನ ಎಂದು ಸುಮ್ಮನಾಗಲು ಮನಸ್ಸು ಬರುವುದಿಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಚೀಲ ಅಗಲಿಸಿ, "ಎಣಸ್ತಿಯೇನವ್ವಾ?" ಎನ್ನುತ್ತಿದ್ದರು. ಕುಚೋದ್ಯವೆಂದು ಗೊತ್ತಿದ್ದೂ ನಾನು ಎಣಿಸುತ್ತಿದ್ದೆ.

ನಿವೃತ್ತಿಯಾಗಿ ಎರಡು ವರ್ಷಕ್ಕೆ, ನಿದ್ದೆಯಲ್ಲೇ ಹೋದರು. ಹಡಗಲಿ, ಕೂಡ್ಲಿಗಿ ಕಡೆಯಿಂದ ಬಂದ ಹಳೆಯ ಲೈನ್‌ಮನ್ನರು ಅಂಗಳದಲ್ಲಿ ಕೂತು, "ಹಾಸಿಗ್ಯಾಗ ಹೋದ ನೋಡ್ರಿ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು, ಏನೋ ದೊಡ್ಡ ಹುದ್ದೆ ಸಿಕ್ಕಿದವನ ಬಗ್ಗೆ ಹೇಳುವಂತೆ.

ದೇಹವನ್ನು ಕುಳ್ಳಿರಿಸಿ, ನಮ್ಮ ಕಡೆ ವಿಮಾನ ಎನ್ನುವ ಹೂವಿನ ಚಟ್ಟ ಹೊತ್ತು ಹೊರಟರು. ಊರಾಚೆ, ಮಣ್ಣು ಮಾಡುವ ಜಾಗದ ದಾರಿಯಲ್ಲಿ ಲೈನು ಜೋತುಬಿದ್ದಿದೆ. ಎತ್ತರಕ್ಕೆ ಕಟ್ಟಿದ ಬಿದಿರಿನ ವಿಮಾನ ತಂತಿಗೆ ತಾಗುವಂತಿತ್ತು. ಹೊಸ ಲೈನ್‌ಮನ್ ಮುಂದೆ ಬಂದು, "ಬಂದ್ ಆಗೈತ್ರಿ, ಹೋಗ್ರಿ" ಎಂದ.

"ಯಾರು ನೋಡ್ಯಾರ?" ಎಂದೆ.

"ನಿಂದೇನವ್ವಾ, ಹೆಣಕ್ಕ ಕರೆಂಟ್ ಹೊಡಿತೈತೇನು?" ಎಂದ ಹಿಂದಿನಿಂದ ಯಾರೋ.

"ಹೆಣಕ್ಕಲ್ಲ, ಹೊತ್ತೋರಿಗೆ."

ಹೊಸಬ ತನ್ನ ಚೀಲ ಅಲ್ಲಾಡಿಸಿದ. ಠಣ್ ಎಂದಿತು. ನನಗೆ ಅದು ಸಾಲಲಿಲ್ಲ. ತೆಗೆಸಿ ಎಣಿಸಿದೆ. ಮೂರು.

"ಸರಪಳಿ?"

ಅವನು ನನ್ನ ಮುಖ ನೋಡಿದ. ನೋಡಿ, ತರಲು ಬೈಕಿನ ಕಡೆ ಹೋದ. ವಿಮಾನವನ್ನು ರಸ್ತೆಯ ಮೇಲೇ ಇಳಿಸಿದರು. ಜನ ಗೊಣಗಿದರು. ವಿಮಾನದಲ್ಲಿ ಅವರು ಹೂವಿನ ನಡುವೆ ಕೂತು ಕಾದರು.