ಗೂಡಿನ ತಬಿತಾ ಮತ್ತು ಬೇಲಿಗುಬ್ಬಿ

ಇಂಗ್ಲೆಂಡಿನ ಸರ್ರೆ ಸೀಮೆಯ ಒಂದು ಹಳ್ಳಿಯಲ್ಲಿ ತಬಿತಾ ಹರೆಲ್ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಗೂಡಿನ ತಬಿತಾ ಎಂದರೆ ಸಾಕು, ಕೈಮಾಡಿ ತೋರಿಸುತ್ತಿದ್ದರು. ಮದುವೆಯ ಗೋಜಿಗೆ ಹೋಗದ ಆಕೆ ಬದುಕೆಲ್ಲ ಬರೆದದ್ದು ಒಂದೇ ಬಗೆಯ ಚಿತ್ರ: ಪಾಚಿಯ ಮೇಲೊಂದು ಹಕ್ಕಿಗೂಡು, ಒಳಗೆ ಮೊಟ್ಟೆ, ಪಕ್ಕದಲ್ಲಿ ನಾಲ್ಕು ಕಾಡುಹೂ. ಕಾಗದಕ್ಕೆ ಮೊದಲು ಬಿಳಿ ಬಳಿದು, ಅದು ಒಣಗಿದ ಮೇಲೆ ಕೂದಲೆಳೆಯಂಥ ಕುಂಚದಿಂದ ಚುಕ್ಕೆ ಚುಕ್ಕೆಯಾಗಿ ಬಣ್ಣ ಕೂರಿಸುವಳು. ಒಂದು ಗೂಡು ವಾರಗಟ್ಟಲೆ ಹಿಡಿಯುತ್ತಿತ್ತು. ಲಂಡನ್ನಿನ ದೊಡ್ಡ ಮನೆಯವರು ಅದನ್ನು ಮಕ್ಕಳ ಕೋಣೆಯಲ್ಲಿ ತೂಗುಹಾಕಿ, ತಾಯಿಯ ಮಮತೆ ಎಂದರೆ ಇದು ಎಂದು ಕಣ್ಣೊರೆಸಿಕೊಳ್ಳುತ್ತಿದ್ದರಂತೆ.

ಆ ಮಮತೆಯನ್ನು ಅವಳು ಬೇಲಿಯಿಂದ ಕಿತ್ತು ತರುತ್ತಿದ್ದಳು. ವಾರಗಟ್ಟಲೆ ಇಟ್ಟರೆ ಮೊಟ್ಟೆ ನಾರುತ್ತದಲ್ಲ, ಅದಕ್ಕೆ ಸೂಜಿಯಿಂದ ತೂತು ಕೊರೆದು, ಒಳಗಿನದನ್ನು ಊದಿ ತೆಗೆದು, ತೂತು ಕೆಳಗಾಗುವಂತೆ ಗೂಡಿನಲ್ಲಿ ಜೋಡಿಸುವಳು. ಗೂಡು ಬರೆಯುವವರೆಲ್ಲ ಮಾಡುವುದೂ ಅದನ್ನೇ. ಕೇಳಿದವರಿಗೆ ಮಾತ್ರ, "ಹಕ್ಕಿ ಬಿಟ್ಟು ಹೋದ ಗೂಡಷ್ಟೇ ತರ್ತೀನಿ" ಎನ್ನುವಳು. ಹಾಸಿಗೆ ಹಿಡಿದಿದ್ದ ಅಕ್ಕ ಡೋರ್ಕಸ್‌ಗೂ ಹಾಗೇ ಹೇಳಿದ್ದಳು. ಅಕ್ಕ ನಂಬಿದ್ದಳು.

ಆ ವರ್ಷ ಚಳಿ ಬಿಡಲೇ ಇಲ್ಲ. ಲಂಡನ್ನಿನ ಚಿತ್ರಪ್ರದರ್ಶನ ಹತ್ತಿರ ಬಂದರೂ ಸುತ್ತಲ ಬೇಲಿಗಳಲ್ಲಿ ಒಂದು ಮೊಟ್ಟೆಯೂ ಸಿಗಲಿಲ್ಲ. ಇದ್ದದ್ದು ಡೋರ್ಕಸ್‌ಳ ಕಿಟಕಿಯಾಚೆಯ ಮುಳ್ಳುಬೇಲಿಯಲ್ಲಿ, ಒಂದು ಬೇಲಿಗುಬ್ಬಿಯ ಗೂಡಿನಲ್ಲಿ, ತಿಳಿನೀಲಿ ಮೊಟ್ಟೆಗಳು. ಬೆನ್ನುಮೂಳೆ ಕೈಕೊಟ್ಟು ಮಲಗಿದ್ದ ಡೋರ್ಕಸ್‌ಗೆ ಬೆಳಗಾದರೆ ಆ ಗುಬ್ಬಿಯದೇ ಸಂಸಾರ.

"ಗಂಡ ಬಂದು ಇಣುಕಿ ಹೋದ ಕಣೇ. ಕೆಲ್ಸ ಇಲ್ಲ ಕಾರ್ಯ ಇಲ್ಲ, ರೆಕ್ಕೆ ಒದರಿಕೊಂಡು ಬರ್ತಾನೆ."

"ಗಂಡಸರೆಲ್ಲ ಅಷ್ಟೇ ಅಕ್ಕ."

"ಆಹಾ, ನಿಂಗೇನೇ ಗೊತ್ತು ಗಂಡಸರ ವಿಚಾರ! ಅದಿರ್ಲಿ, ಮರಿ ಹಾರೋದೊಂದು ನೋಡ್ಬಿಟ್ರೆ ಸಾಕಪ್ಪ ನಂಗೆ."

ಒಂದು ಮಧ್ಯಾಹ್ನ ಅಕ್ಕ ಔಷಧಿ ಕುಡಿದು ನಿದ್ದೆ ಹೋದಾಗ ತಬಿತಾ ಆ ಗೂಡನ್ನು ಎತ್ತಿ ತಂದಳು. ಮೊಟ್ಟೆಗಳು ಬೆಚ್ಚಗಿದ್ದವು. ಅಷ್ಟಾದರೂ ಪಳಗಿದ ಕೈ ತಡೆಯಲಿಲ್ಲ. ಕೊನೆಯದನ್ನು ಊದಿ ಮುಗಿಸುವಷ್ಟರಲ್ಲಿ ಅಕ್ಕನ ಕೂಗು ಕೇಳಿತು.

"ತಬೀ, ಗುಬ್ಬಿ ಯಾಕೋ ಬಡ್ಕೊಳ್ತಾ ಇದೆ! ಗೂಡೇ ಕಾಣ್ತಿಲ್ಲ ಕಣೇ!"

"ಬಿಸಿಲು ಕಣ್ಣಿಗೆ ಹೊಡೀತಿದೆ, ಅದಕ್ಕೇ" ಎಂದು ತಬಿತಾ ಪರದೆ ಎಳೆದಳು. ಹಿಂಬಾಗಿಲಿನಿಂದ ಓಡಿ, ಆ ಖಾಲಿ ಮೊಟ್ಟೆಗಳ ಸಮೇತ ಗೂಡನ್ನು ಮೊದಲಿನ ಕವೆಯಲ್ಲೇ ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಪರದೆ ಸರಿಸಿದರೆ ಗುಬ್ಬಿ ಬಂದು, ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ, ಮೈ ಅಗಲಿಸಿಕೊಂಡು ಕಾವಿಗೆ ಕೂತಿತ್ತು.

"ಅಲ್ಲೇ ಇದೆಯಲ್ಲೇ! ನಂಗೆ ಅರಳುಮರಳು" ಎಂದು ಡೋರ್ಕಸ್ ನಕ್ಕಳು.

ಅಕ್ಕನ ಬಲವಂತಕ್ಕೆ ತಬಿತಾ ಆ ಕಿಟಕಿಯಲ್ಲೇ ಕೂತು ಕಾವು ಕೊಡುವ ಹಕ್ಕಿಯನ್ನು ಬರೆದಳು. ಅಷ್ಟು ಒಳ್ಳೆಯ ಚಿತ್ರವನ್ನು ಅವಳು ಹಿಂದೆಂದೂ ಬರೆದಿರಲಿಲ್ಲ. ಪಾಪ ಮಾಡಿದ್ದೇನೆಂದು ಅವಳಿಗೆ ಗೊತ್ತಿತ್ತು. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಏಳುವಳು. ಅಷ್ಟರಲ್ಲಿ ಅಕ್ಕ ಕೇಳುವಳು:

"ಎಲ್ಲರ ಬೇಲೀಲೂ ಮರಿ ಚಿಂವ್ ಚಿಂವ್ ಅಂತಿವೆ. ನಮ್ಮವಳಿಗೇನೇ ಇಷ್ಟು ತಡ?"

"ಚಳಿ ಅಲ್ವಾ ಅಕ್ಕ, ತಡ ಆಗುತ್ತೆ" ಎಂದು ತಬಿತಾ ಮತ್ತೊಂದು ಸುಳ್ಳು ಪೋಣಿಸುವಳು.

ಒಂದು ಬೆಳಿಗ್ಗೆ ಜೋರು ಗಾಳಿ ಎದ್ದಿತು. ಗುಬ್ಬಿ ಹುಳು ಹುಡುಕಲು ಹೋಗಿತ್ತು. ಬೇಲಿ ಒಮ್ಮೆ ವಾಲಿತು, ಗೂಡು ಓರೆಯಾಯಿತು, ಒಂದು ಮೊಟ್ಟೆ ಹೊರಗೆ ಜಾರಿತು. ಅದು ಬೀಳಲಿಲ್ಲ. ಗಾಳಿಯಲ್ಲಿ ಹೂವಿನೆಸಳಿನ ಹಾಗೆ ತೇಲಿ, ಕಿಟಕಿಯ ಗಾಜಿಗೆ ತಗುಲಿ, ಮೆಲ್ಲಗೆ ಕೆಳಗಿಳಿಯಿತು.

ಡೋರ್ಕಸ್ ಅದನ್ನೇ ನೋಡುತ್ತಿದ್ದಳು.

"ತಬೀ, ಮೊಟ್ಟೆ ಅಷ್ಟು ಹಗುರ ಇರುತ್ತಾ?"

ತಬಿತಾ ಕುಂಚ ಕೆಳಗಿಟ್ಟು ಮಂಚದ ಪಕ್ಕ ಮಂಡಿಯೂರಿದಳು. ಸೂಜಿ, ಪರದೆ, ಹಕ್ಕಿ ಬಿಟ್ಟು ಹೋದ ಗೂಡು ಎಂದು ಅಷ್ಟು ವರ್ಷ ಹೇಳಿದ್ದ ಸುಳ್ಳು, ಒಂದನ್ನೂ ಮುಚ್ಚಿಡದೆ ಅಳುತ್ತ ಹೇಳಿದಳು. ಅಕ್ಕ ಬೈಯಲಿ ಎಂದು ಕಾದಳು. ಅಕ್ಕ ಕಿಟಕಿಯತ್ತ ಮುಖ ತಿರುಗಿಸಿದಳು.

ಹೊರಗೆ ಗಾಳಿ ತಗ್ಗಿತ್ತು. ಗುಬ್ಬಿ ವಾಪಸು ಬಂದು, ಉಳಿದ ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಪಡಿಸಿಕೊಂಡು ಮತ್ತೆ ಕಾವಿಗೆ ಕೂತಿತು.

"ನಂಗೇನೋ ಹೇಳ್ದೆ," ಎಂದಳು ಡೋರ್ಕಸ್, ಕಿಟಕಿಯಿಂದ ಕಣ್ಣು ತೆಗೆಯದೆ. "ಅದಕ್ಕೆ ಯಾರೇ ಹೇಳ್ತಾರೆ?"