ತಲವಾರು ಹಿಡಿದವರ ಹೆಸರು

ರಂಜನಾಳಿಗೆ ಹಟ ಹುಟ್ಟುಗುಣ. ಬಿಣಗಾದ ಒಂದು ಗೋದಾಮಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಅವಳದು. ಯೂನಿಫಾರ್ಮು ತೊಟ್ಟು ತನ್ನೂರು ಕದ್ವಾಡದಲ್ಲಿ ಬಸ್ಸಿಳಿದರೆ ಪಡ್ಡೆಹುಡುಗರು ಬೀಡಿ ಮರೆಮಾಡುತ್ತಿದ್ದರು. ಆದರೆ ಅವಳ ಆಸೆ ಬೇರೆಯೇ ಇತ್ತು. ಮನೆಯ ತಲವಾರು ಹಿಡಿದವರ ಸಾಲಿನಲ್ಲಿ ತನ್ನ ಹೆಸರೂ ಬರಬೇಕು.

ಅವರದು ಹಿಂದೆ ಕೋಟೆ ಕಾದ ಮನೆತನ. ವಿಜಯದಶಮಿಯ ದಿನ ಮನೆಯ ಗಂಡಸು ಮಿಂದು, ಒದ್ದೆ ಪಂಚೆಯಲ್ಲೇ ತಲವಾರು ಎತ್ತಿ, ಅದನ್ನು ಹಿಡಿದವರ ಹೆಸರನ್ನೆಲ್ಲ ಮೊದಲಿನಿಂದ ಹೇಳಿ, ಕೊನೆಗೆ ತನ್ನದನ್ನು ಸೇರಿಸಬೇಕು. ಅಪ್ಪ ತೀರಿಕೊಂಡ ವರ್ಷ ಅವನ ತಮ್ಮ, ಕಾಕಾ ದೇವಾನಂದ, ತನ್ನ ಮಗ ರವಿಕಿರಣನನ್ನು ಮುಂದೆ ಮಾಡಿದ. ಕೋಳಿ ಕೊಯ್ಯುವುದನ್ನು ಕಂಡರೂ ತಲೆತಿರುಗುವ ಹುಡುಗ ಅವನು! ರಂಜನಾಳ ಹೊಟ್ಟೆ ಉರಿಯಿತು. ಉರಿಯದೆ ಇರುತ್ತದೆಯೇ?

ಆ ವಿಜಯದಶಮಿಯಂದು ಗಂಡಸರು ಬಾವಿಕಟ್ಟೆಯಲ್ಲಿ ಮೀಯುತ್ತಿದ್ದಾಗ ಅವಳು ದೇವರ ಕೋಣೆಗೆ ಹೋಗಿ ತಲವಾರು ಎತ್ತಿದಳು. ಅಪ್ಪನ ಬಾಯಲ್ಲಿ ಕೇಳಿ ಕಲಿತ ಹೆಸರುಗಳನ್ನು ಹೇಳತೊಡಗಿದಳು. “ಮಾದೇವ” ಎಂದದ್ದೇ ತಡ, ಹಿಡಿಕೆ ತಣ್ಣಗಾಯಿತು. ಅವಳ ಬೆರಳುಗಳ ಮೇಲೆ ಕಾಣದ ಬೆರಳುಗಳು ಬಿಗಿದವು.

“ಮಾದೇವ ನನ್ನಣ್ಣ,” ಎಂದಿತು ಒಂದು ಹೆಣ್ಣುದನಿ, ಕಿವಿಗೆ ತೀರ ಹತ್ತಿರದಿಂದ. “ಜ್ವರ ಬಂದು ಸತ್ತ. ಅವ್ನ ಮುಂಡಾಸು ಸುತ್ಕಂಡು ಕೋಟೆಗೆ ಹೋದವ್ಳು ನಾನು. ಗೆದ್ದವ್ಳೂ ನಾನೇ.”

“ನಿನ್ನ ಹೆಸ್ರೆಂತ?” ರಂಜನಾ ಕೇಳಿದಳು.

“ಮರ್ತೋಯ್ತು. ಯಾರೂ ಕರೀಲೇ ಇಲ್ಲ. ನಿಂದು ಕೊಡು. ನಿನ್ನ ಕೈಯಿಂದ ಈ ತಲವಾರು ಯಾರೂ ಕಸಿಯದ ಹಾಗೆ ನಾ ನೋಡ್ಕಣ್ತೆ.”

ಬೇಡ ಎನ್ನಬಹುದಿತ್ತು. ಹೊರಗೆ ರವಿಕಿರಣನ ಕೆಮ್ಮು ಕೇಳಿಸಿತು.

“ತಗೋ,” ಎಂದುಬಿಟ್ಟಳು.

ಒಳಬಂದ ಕಾಕಾ ಬೈಯಲು ಬಾಯಿ ತೆರೆದ. ಅವಳ ಮುಖ ಕಂಡು ಏನನ್ನಿಸಿತೋ, ಸುಮ್ಮನೆ ಕೈಮುಗಿದ. ಅವಳು ಮೊದಲಿನಿಂದ ಹೆಸರು ಹೇಳಿದಳು. ಮಾದೇವನ ಜಾಗದಲ್ಲಿ ‘ರಂಜನಾ’ ಎಂದಳು. ಒಳಬಂದ ಗಂಡಸರೆಲ್ಲ ನಿದ್ದೆಗಣ್ಣಿನವರಂತೆ ಅವಳ ಹಿಂದೆ ಹಾಗೆಯೇ ಹೇಳಿದರು. ಅಪ್ಪನ ಹೆಸರೂ ಆಯಿತು. ಉಳಿದದ್ದು ಅವಳದು. ಬಾಯಿ ತೆರೆದಳು. ನಾಲಿಗೆಗೆ ಏನೂ ಬರಲಿಲ್ಲ. ಇಷ್ಟು ವರ್ಷ ಆಸೆಪಟ್ಟ ಜಾಗದಲ್ಲಿ ನಿಂತು, ಹೇಳಿಕೊಳ್ಳಲು ಹೆಸರಿಲ್ಲದೆ ಒದ್ದಾಡಿದಳು. ಕಾಕಾ ಕಾದ, ರವಿಕಿರಣ ಕಾದ.

ಅಡುಗೆಮನೆಯಿಂದ ಓಡಿಬಂದ ಆಯಿ ಸುಗಂಧಾ ಹೆದರಿ ಕೂಗಿದಳು: “ರಂಜನಾ!”

“ಓ ಆಯಿ!” ಎಂದು ತಲವಾರಿನ ಕಡೆಯಿಂದ ಖುಷಿಯ ದನಿಯೊಂದು ಓಗೊಟ್ಟಿತು. ಮಗಳು ಮಾತ್ರ ತಿರುಗಿ ನೋಡಲಿಲ್ಲ.

ಸುಗಂಧಾ ಹತ್ತಿರ ಹೋಗಿ ಮಗಳ ಗದ್ದ ಹಿಡಿದಳು. ಕಣ್ಣು, ಹುಬ್ಬು, ಗಲ್ಲದ ಮಚ್ಚೆ, ಎಲ್ಲವೂ ತಾನು ಹೆತ್ತದ್ದೇ. ಮತ್ತೊಮ್ಮೆ ಕರೆಯಲು ಅವಳಿಗೆ ಧೈರ್ಯ ಬರಲಿಲ್ಲ.

“ನಾ ಇನ್ನು ನಿನ್ನ ಎಂತ ಹೇಳಿ ಕರೀಬೇಕು, ಮಗಾ?” ಎಂದು ಅಲ್ಲೇ ಕುಸಿದು ಕುಳಿತು ಅತ್ತಳು.