ಸಿಂದಗಿ ಬಸ್ಸಿನಲ್ಲಿ ತೊಳೆದ ಅಲೈನರ್

ಇಂಡಿ ಪಟ್ಟಣದಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದು ಹದಿನೈದನೆಯ ವರ್ಷ ನಡೆದಿತ್ತು. ಅಗರಖೇಡದ ಶೋಭಾ ಎಂಬ ಬಸ್ ಕಂಡಕ್ಟರ್ ನನ್ನಲ್ಲಿ ಹಲ್ಲು ನೇರ ಮಾಡಿಸಿಕೊಳ್ಳುತ್ತಿದ್ದರು. ದಿನವಿಡೀ ಊರುಗಳ ಹೆಸರು ಕೂಗುವ ಬಾಯಿಗೆ ತಂತಿ ಚುಚ್ಚುತ್ತದೆಂದು ಅಲೈನರ್ ಆರಿಸಿಕೊಂಡಿದ್ದರು. ಹಲ್ಲಿನ ಮೇಲೆ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಕವಚವದು. ಊಟಕ್ಕಷ್ಟೇ ತೆಗೆಯಬೇಕು, ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು. ಹಲ್ಲು ಸರಿದಂತೆ ಒಂದಾದ ಮೇಲೊಂದರಂತೆ ಒಟ್ಟು ಇಪ್ಪತ್ತು ಜೊತೆ ಬದಲಿಸಬೇಕಿತ್ತು.

ಆರನೆಯ ಜೊತೆ ನಡೆಯುವಾಗ ಒಂದು ಮಧ್ಯಾಹ್ನ ಡ್ಯೂಟಿಯ ಬಟ್ಟೆಯಲ್ಲೇ ಬಂದರು. ಕರವಸ್ತ್ರ ಬಿಚ್ಚಿದರೆ ಒಳಗೆ ಸೊಟ್ಟಗಾದ, ಮಬ್ಬುಗಟ್ಟಿದ ಅಲೈನರ್. ಬಾಯಲ್ಲಿ ವಾಸನೆ, ವಸಡು ಮುಟ್ಟಿದರೆ ರಕ್ತ.

“ನಮ್ಮತ್ತಿ ಕುದಿಯೂ ನೀರಾಗ ಹಾಕ್ಯಾರ್ರಿ, ಹೊಲಸೆಲ್ಲ ಹೋಗ್ಲಿ ಅಂತ. ಸಾಕ್ರಿ ಡಾಕ್ಟರ, ಇದು ನನ್ನಿಂದ ಆಗಂಗಿಲ್ಲ.”

ಬಿಸಿಗೆ ಈ ಪ್ಲಾಸ್ಟಿಕ್ ಆಕಾರ ಕಳೆದುಕೊಳ್ಳುತ್ತದೆ. ನನಗೆ ಸಿಟ್ಟು ಬಂತು. “ಹೆಂಗ ತೊಳೀಬೇಕಂತ ಚೀಟಿ ಕೊಟ್ಟಿದ್ನಲ್ಲ?”

“ಉಂಡ ಕೂಡಲೇ ನಳದಾಗ ತೊಳೀರಿ ಅಂತ ಬರದೀರಿ. ನಾ ಉಣ್ಣೂದು ಬಸ್ಸಿನ್ಯಾಗ. ಅಲ್ಲಿ ನಳಾ ಎಲ್ಲೈತ್ರಿ?”

ಚಿಕಿತ್ಸೆ ಬಿಟ್ಟರೆ ಅಷ್ಟು ತಿಂಗಳಲ್ಲಿ ಸರಿದಿದ್ದ ಹಲ್ಲುಗಳು ಮತ್ತೆ ಹಿಂದಕ್ಕೆ ಹೋಗುತ್ತಿದ್ದವು. ವಸಡು ಸ್ವಚ್ಛ ಮಾಡಿ, ಆರನೆಯದು ಹೊಸದಾಗಿ ಬರುವವರೆಗೆ ತೆಗೆದಿಟ್ಟಿದ್ದ ಐದನೆಯ ಜೊತೆಯನ್ನೇ ಹಾಕಿಕೊಳ್ಳಲು ಒಪ್ಪಿಸಿದೆ. ಅವರ ಊಟ ಹೇಗೆ ನಡೆಯುತ್ತದೆಂದು ನೋಡಲು ಮರುದಿನ ಅವರದೇ ಬಸ್ಸಿನಲ್ಲಿ ಸಿಂದಗಿಗೆ ಹೋದೆ. ನಿಲ್ದಾಣದಲ್ಲಿ ಸಿಕ್ಕ ಹತ್ತು ನಿಮಿಷದಲ್ಲಿ ಶೋಭಾ ಬಸ್ಸಿನಲ್ಲೇ ಕೂತು ರೊಟ್ಟಿ ತಿಂದು, ಅಲೈನರನ್ನು ಕರವಸ್ತ್ರದಿಂದ ತೆಗೆದು ತೊಳೆಯದೆ ಹಾಗೆಯೇ ಬಾಯಿಗೆ ಹಾಕಿಕೊಂಡರು. ಜನ ಆಗಲೇ ಬಸ್ ಹತ್ತುತ್ತಿದ್ದರು.

ಮರಳುವಾಗ ಇಬ್ಬರೂ ಸೇರಿ ಹೊಸ ಕ್ರಮ ಕಂಡುಕೊಂಡೆವು. ಚೀಲದಲ್ಲಿ ಒಂದು ಡಬ್ಬಿ, ಮೆತ್ತನೆಯ ಬ್ರಷ್, ನೀರಿನ ಬಾಟಲಿ. ಬಾಯಿ ಮುಕ್ಕಳಿಸಿ, ಅಲೈನರನ್ನು ತಣ್ಣೀರಲ್ಲಿ ಉಜ್ಜುವುದು ಒಂದೇ ನಿಮಿಷದ ಕೆಲಸ. ಮನೆಯಲ್ಲಿ ಸುವಾಸನೆಯಿಲ್ಲದ ಮೃದು ಸೋಪು. ಟೂತ್‌ಪೇಸ್ಟ್ ಬೇಡ, ಅದು ಗೆರೆ ಬೀಳಿಸುತ್ತದೆ. ಸೂಕ್ಷ್ಮಾಣು ಕಳೆಯಲು ಹಲ್ಲುಸೆಟ್ಟು ತೊಳೆಯುವ ಮಾತ್ರೆಯನ್ನು ತಣ್ಣೀರಲ್ಲಿ ಕರಗಿಸಿ ನೆನೆಸಿಡುವುದು, ಆಮೇಲೆ ಚೆನ್ನಾಗಿ ತೊಳೆಯುವುದು. ಈ ಕೊನೆಯ ಕೆಲಸವನ್ನು ಅತ್ತೆಗೇ ವಹಿಸಿದೆವು. ಸೊಸೆಯ ಬಾಯಿ ಶುದ್ಧವಾಗಿರಲೆಂಬ ಕಾಳಜಿ ಆಕೆಗೆ ಮೊದಲಿಂದಲೂ ಇತ್ತು.

ಮುಂದಿನ ತಿಂಗಳು ವಾಸನೆ ಹೋಗಿತ್ತು, ರಕ್ತ ನಿಂತಿತ್ತು. ಉಳಿದ ಹದಿನಾಲ್ಕು ಜೊತೆಗಳನ್ನು ಶೋಭಾ ಒಂದೂ ಕೆಡದಂತೆ ಮುಗಿಸಿದರು. ಕೊನೆಯ ದಿನ ಅತ್ತೆಯೂ ಬಂದಿದ್ದರು. ಕನ್ನಡಿಯಲ್ಲಿ ತಮ್ಮ ನೇರ ಹಲ್ಲಿನ ಸಾಲು ಕಂಡು ಶೋಭಾ ಬಾಯಿ ತುಂಬ ನಕ್ಕರು. ಅತ್ತೆ ಹೊರಗೆ ಕೂತವರಿಗೂ ಕೇಳುವಂತೆ ಹೇಳಿದರು: “ಹಲ್ಲು ಸರಿ ಮಾಡಿದವರು ಡಾಕ್ಟರ್ರು. ತೊಳದಾಕಿ ನಾನ್ರಿ!”

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮದ್ದು ಎಷ್ಟೇ ಒಳ್ಳೆಯದಿರಲಿ, ರೋಗಿಯ ದಿನಚರಿಯಲ್ಲಿ ಅದಕ್ಕೊಂದು ಜಾಗ ಹುಡುಕಿಕೊಡುವುದೂ ವೈದ್ಯರದೇ ಕೆಲಸವೆಂದು ನಾನು ಕಲಿತದ್ದು ಆಗ.